ಫ್ರೀ ಇಆರ್‌ಪಿ ಹಾಕ್ಕೊಳ್ಳೋ ಮುಂಚೆ

ಪುಣೆ, ಹೈದರಾಬಾದ್‌ನಲ್ಲಿರೋ ನಮಗೆಲ್ಲ ಊರಿಂದ ಮಾವನೋ ಅಣ್ಣನೋ ಫೋನ್ ಮಾಡೇ ಮಾಡ್ತಾರೆ: "ಅಂಗಡಿಗೊಂದು ಸಾಫ್ಟ್‌ವೇರ್ ಹಾಕಿಕೊಡೋ, ಫ್ರೀ ಸಿಗುತ್ತಂತಲ್ಲ." ಸಿಗುತ್ತೆ. ಆದರೆ ಎಷ್ಟು ಫ್ರೀ ಅಂತ ಮೊದಲು ನೋಡಿ. ಓಡೂ ಕಮ್ಯುನಿಟಿಯಲ್ಲಿ ಬಿಲ್ ಹಾಕಬಹುದು. ಅವರದ್ದೇ ಪೂರ್ತಿ ಅಕೌಂಟಿಂಗ್ ಇರೋದು ದುಡ್ಡು ಕೊಡೋ ಎಂಟರ್‌ಪ್ರೈಸ್‌ನಲ್ಲಿ. ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್‌ನಲ್ಲಿ ಅಕೌಂಟಿಂಗ್ ಒಳಗೇ ಇದೆ, ಆದ್ರೆ 14ನೇ ಆವೃತ್ತಿಯಿಂದ ಜಿಎಸ್‌ಟಿಗೆ ಇಂಡಿಯಾ ಕಂಪ್ಲೈಯನ್ಸ್ ಅನ್ನೋ ಬೇರೆ ಆ್ಯಪ್ ಸೇರಿಸಬೇಕು.

ಡೆಮೊ ಡೇಟಾ ಯಾವತ್ತೂ ಅಚ್ಚುಕಟ್ಟು, ಅದನ್ನ ನಂಬಬೇಡಿ. ಕಳೆದ ತಿಂಗಳ ನಿಜವಾದ ಬಿಲ್‌ಗಳನ್ನೇ ಹಾಕಿ: ವಾಪಸ್ ಬಂದ ಮಾಲು, ಅರ್ಧ ಪೇಮೆಂಟ್, ಹೊರರಾಜ್ಯದ ಗಿರಾಕಿ ಎಲ್ಲಾ ಇರಲಿ. ಬಂದ ಮೊತ್ತ ಈಗಾಗಲೇ ಸಲ್ಲಿಸಿರೋ ಜಿಎಸ್‌ಟಿಆರ್-1ಕ್ಕೆ ತಾಳೆ ಆಗಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದ್ರೂ ಯಾಕೆ ಅಂತ ಹುಡುಕಿ. ಅಂಗಡಿ ಪ್ರೈವೇಟ್ ಲಿಮಿಟೆಡ್ ಆಗಿದ್ರೆ ಇನ್ನೊಂದಿದೆ: 2023ರ ಏಪ್ರಿಲ್ 1ರಿಂದ ಲೆಕ್ಕದ ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ದಾಖಲಾಗಬೇಕು, ಆ ದಾಖಲೆಯನ್ನ ಆಫ್ ಮಾಡೋಕೆ ಬರಬಾರದು. ಕೋಡೇ ನಮ್ಮ ಕೈಲಿದೆ ಅಂತ ಖುಷಿಪಡೋರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಡಿಟರ್‌ನ ಮೊದಲೇ ಕೂರಿಸಿ ತೋರಿಸಿ.

ಆಮೇಲೆ ಬ್ಯಾಕಪ್ ತೆಗೆದು ಬೇರೆ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ. ನೀವಿಲ್ಲದಾಗ ಊರಲ್ಲಿ ಇದನ್ನ ಮಾಡೋರು ಯಾರು? ಹೆಸರು ಹೊಳೀಲಿಲ್ಲ ಅಂದ್ರೆ ಸದ್ಯಕ್ಕೆ ಹಳೇ ಟ್ಯಾಲಿಯೇ ಇರಲಿ.