ಸೆಪಾಂಗಿನ ಓಟಕ್ಕೆ ಹೊರಟ ತೋಟದ ಮನೆಯ ಹುಡುಗರು

ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಬಾಡಿಗೆ ಮನೆಗಳಲ್ಲಿ ನಮ್ಮ ಕಡೆಯ ಮಕ್ಕಳು ಎಷ್ಟು ಮಂದಿ ಇದ್ದಾರೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಓದಲು ಹೋದವರಿದ್ದಾರೆ, ಓದು ಮುಗಿಸಿ ನೌಕರಿ ಹಿಡಿದವರಿದ್ದಾರೆ, ನೌಕರಿಯಿದ್ದೂ ಶನಿವಾರ ರಾತ್ರಿ ಬಸ್ಸು ಹತ್ತಿ ತೋಟಕ್ಕೆ ಬಂದು ಸೋಮವಾರ ಬೆಳಿಗ್ಗೆ ಹಿಂತಿರುಗುವವರೂ ಇದ್ದಾರೆ. ಇವರಲ್ಲಿ ಕೆಲವರಿಗೆ ಈಚೆಗೆ ಒಂದು ಹುಚ್ಚು ಹಿಡಿದಿದೆ. ಐದಾರು ಮಂದಿ ಕೂಡಿಕೊಂಡು ಮೋಟಾರ್ ಸೈಕಲ್ಲುಗಳಲ್ಲೇ ಪರದೇಶಕ್ಕೆ ಹೋಗಿ, ಮೋಟೊಜಿಪಿ ಎಂಬ ಓಟವನ್ನು ಕಣ್ಣಾರೆ ನೋಡಿ ಬರಬೇಕಂತೆ. "ಅಪ್ಪಯ್ಯ, ಎರಡು ಲಕ್ಷ ಆದ್ರೆ ಸಾಕು" ಎಂದು ಮಗನ ಫೋನು ಬಂದ ಮೇಲೆ ನಮ್ಮ ಕಛೇರಿಯ ಮೆಟ್ಟಿಲು ಹತ್ತಿ, "ಇದೆಂತ ಓಟ ಮಾರಾಯ್ರೆ? ಇದಕ್ಕೆಲ್ಲ ಸಾಲ ಉಂಟಾ?" ಎಂದು ಕೇಳಿದ ಸದಸ್ಯರು ಒಬ್ಬಿಬ್ಬರಲ್ಲ. ಬೆಳೆ ಸಾಲ ಬೆಳೆಗೆ ಮಾತ್ರ, ಅದರಲ್ಲಿ ಚರ್ಚೆಯಿಲ್ಲ. ಆದರೆ ಓಟದ ವಿಚಾರವನ್ನು ಬೈದು ಮುಗಿಸುವುದಕ್ಕಿಂತ ವಿಚಾರಿಸಿ ತಿಳಿಯುವುದು ಮೇಲೆಂದು ನಾವು ಬೆಂಗಳೂರಿಗೆ ಹೋದಾಗ ಬಸವೇಶ್ವರನಗರದಲ್ಲಿ ಇಂಥದೊಂದು ಗುಂಪಿನೊಡನೆ ಕುಳಿತು ಮಾತನಾಡಿದೆವು.

ಸೆಪಾಂಗ್ ಇರುವುದು ಮಲೇಶಿಯಾದಲ್ಲಿ, ಕೌಲಾಲಂಪುರದ ದೊಡ್ಡ ವಿಮಾನ ನಿಲ್ದಾಣದ ಬಳಿ. 1999ರಲ್ಲಿ ತೆರೆದ ಓಟದ ಹಾದಿ, ಒಂದು ಸುತ್ತಿಗೆ 5.543 ಕಿಲೋಮೀಟರು. ಅಲ್ಲಿ ಮೋಟೊಜಿಪಿಯ ಮುಖ್ಯ ಸ್ಪರ್ಧೆಗೆ ಇಪ್ಪತ್ತು ಸುತ್ತು. ಅಂದರೆ ಸುಮಾರು 111 ಕಿಲೋಮೀಟರನ್ನು ನಲವತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ನೇರ ದಾರಿಯಲ್ಲಿ ಗಂಟೆಗೆ ಮುನ್ನೂರು ಕಿಲೋಮೀಟರನ್ನು ಮೀರಿದ ವೇಗ. ಇಟಲಿಯ ಮಾರ್ಕೊ ಸಿಮೊನ್ಚೆಲ್ಲಿ ಎಂಬ ಸವಾರ 2011ರ ಅಕ್ಟೋಬರ್ 23ರಂದು ಪ್ರಾಣ ಕಳೆದುಕೊಂಡದ್ದು ಇದೇ ಹಾದಿಯಲ್ಲಿ. ನಲವತ್ತು ನಿಮಿಷದ ಆಟಕ್ಕೆ ಹೋಗಿ ಬರಲು ತಿಂಗಳುಗಟ್ಟಲೆ ಸಮಯವೇ ಎಂದು ನಾವು ಕೇಳಿದೆವು. "ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗುವವರನ್ನು ಯಾರೂ ಹಾಗೆ ಕೇಳಲ್ಲವಲ್ಲ" ಎಂದ ಒಬ್ಬ. ಉತ್ತರ ನಮಗೆ ಹಿಡಿಸಲಿಲ್ಲ, ಆದರೆ ಮರುತ್ತರವೂ ಹೊಳೆಯಲಿಲ್ಲ.

ಈ ಹುಚ್ಚು ಇಂದು ನಿನ್ನೆಯದೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದ ವಿಮಾನದೋಟ ಒಂದು ಮದರಾಸಿನ ಹೊರಗೆ ಶೋಲಾವರಂನಲ್ಲಿ ಇತ್ತು. 1950ರ ದಶಕದಿಂದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಓಟ ನಡೆಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಯುವಕರು ಜಾವಾ, ಯೆಜ್ದಿ, ಬುಲೆಟ್‌ಗಳಲ್ಲಿ ರಾತ್ರಿಯೇ ಹೊರಟು, ಮುನ್ನೂರೈವತ್ತು ಕಿಲೋಮೀಟರು ಸವೆಸಿ, ಬಿಸಿಲಿನಲ್ಲಿ ನಿಂತು ಓಟ ನೋಡಿ ಬರುತ್ತಿದ್ದರು. ಆಗ ರಾಜ್ಯದ ಗಡಿ ದಾಟಿದರೆ ಅದೇ ಪರದೇಶ. ನಮ್ಮ ಜಾವಾ ತಯಾರಾಗುತ್ತಿದ್ದುದು ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಂಪೆನಿ 1961ರಲ್ಲಿ ಬಂಡಿ ತಯಾರಿಸಲು ಆರಂಭಿಸಿ, ಮುಂದೆ ಯೆಜ್ದಿ ಎಂಬ ಹೆಸರಿನಲ್ಲಿ ನಡೆಸಿ, 1996ರಲ್ಲಿ ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಎರಡು ಸ್ಟ್ರೋಕಿನ ಎಂಜಿನ್ನು. ಆ ನೀಲಿ ಹೊಗೆಯ ವಾಸನೆ ಗೊತ್ತಿಲ್ಲದ ಹಳೆಯ ತೋಟದ ಮನೆ ಮಲೆನಾಡಿನಲ್ಲಿ ಕಡಿಮೆ. ಒಂದು ಮೂಟೆ ಗೊಬ್ಬರವನ್ನೂ ಹಿಂದೆ ಹೆಂಡತಿ ಮಗುವನ್ನೂ ಹೇರಿಕೊಂಡು ಘಾಟಿ ಹತ್ತಿದ ಬಂಡಿ ಅದು. ಶೋಲಾವರಂ ಕಾಲ ಮುಗಿದು 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯ ಹೊಸ ಹಾದಿ ಬಂತು.

ನಮ್ಮ ರಾಜ್ಯದವರು ನೋಡುವುದರಲ್ಲೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಜಗತ್ತಿನ ಅತಿ ಕಠಿಣವೆನ್ನುವ ಡಕಾರ್ ರ‍್ಯಾಲಿಯಲ್ಲಿ 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ 36ನೆಯವರಾಗಿ ಗುರಿ ಮುಟ್ಟಿದರು. ಮೋಟಾರ್ ಸೈಕಲ್ಲಿನಲ್ಲಿ ಆ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಅವರೇ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳರಸ್ತೆಗಳಲ್ಲಿ ಕಾರು ರ‍್ಯಾಲಿಗಳು ನಡೆದುದನ್ನು ನಮ್ಮ ಸದಸ್ಯರು ಅಂಗಳದಲ್ಲೇ ನಿಂತು ಧೂಳು ಕುಡಿಯುತ್ತ ನೋಡಿದ್ದಾರೆ.

ಇನ್ನು ದಾರಿ. ಬೆಂಗಳೂರಿನಿಂದ ಗುವಾಹಟಿ ಸುಮಾರು ಮೂರು ಸಾವಿರ ಕಿಲೋಮೀಟರು. ಅಲ್ಲಿಂದ ಇಂಫಾಲ, ಮಣಿಪುರದ ಗಡಿಯ ಮೊರೆ. ಮೊರೆಯಿಂದ ಮ್ಯಾನ್ಮಾರ್ ಅಡ್ಡಹಾಯ್ದು ಥಾಯ್ಲೆಂಡಿನ ಮೇ ಸೋತ್‌ವರೆಗೆ 1,360 ಕಿಲೋಮೀಟರಿನ ಹೆದ್ದಾರಿ ಎಂಬುದು ಮೂರು ದೇಶಗಳ ಯೋಜನೆ. ಆಮೇಲೆ ಬ್ಯಾಂಕಾಕ್, ಮಲೇಶಿಯಾ. ಎಲ್ಲ ಕೂಡಿಸಿದರೆ ಒಂದು ಕಡೆಗೇ ಏಳು ಸಾವಿರ ಕಿಲೋಮೀಟರಿನಷ್ಟು. 2018ರಲ್ಲಿ ಭಾರತ–ಮ್ಯಾನ್ಮಾರ್ ಗಡಿ ದಾಟುವ ಒಪ್ಪಂದ ಜಾರಿಗೆ ಬಂದು ಈ ದಾರಿ ಸುಗಮವಾಯಿತೆನ್ನುವಾಗಲೇ, 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿಯಿತು. ಒಳಯುದ್ಧ ಹಬ್ಬಿತು. 2023ರ ಮೇ ತಿಂಗಳಿಂದ ಮಣಿಪುರವೂ ಹೊತ್ತಿ ಉರಿಯಿತು. ಆದ್ದರಿಂದ "ಇಲ್ಲಿಂದಲೇ ಬೈಕ್ ಓಡಿಸಿಕೊಂಡು ಹೋಗ್ತೀವಿ" ಎಂದು ಮಗ ಹೇಳಿದರೆ, ಯಾವ ದಾರಿ ಎಂದು ಮೊದಲು ಕೇಳಿ. ನಮ್ಮ ಬಸವೇಶ್ವರನಗರದ ಗುಂಪು ಬುದ್ಧಿವಂತಿಕೆಯಿಂದ ಈ ಯೋಚನೆಯನ್ನು ಬಿಟ್ಟಿದೆ. ವಿಮಾನದಲ್ಲಿ ಹೋಗಿ ಅಲ್ಲೇ ಬಾಡಿಗೆ ಬೈಕು ಹಿಡಿಯುವುದು ಅವರ ತೀರ್ಮಾನ. "ಅದು ಬೈಕ್ ಟ್ರಿಪ್ಪೇ ಅಲ್ಲ" ಎಂದು ಕೆಂಗೇರಿಯ ಇನ್ನೊಂದು ಗುಂಪಿನವರು ಹಂಗಿಸುತ್ತಾರಂತೆ. ಹಂಗಿಸಲಿ.

ಸ್ವಂತ ಬಂಡಿಯನ್ನೇ ಒಯ್ಯುವುದಾದರೆ ಹಲವು ದೇಶಗಳು ಕಾರ್ನೆ ಎಂಬ ಪುಸ್ತಕ ಕೇಳುತ್ತವೆ. ಬಂಡಿಯನ್ನು ಅಲ್ಲಿ ಮಾರದೆ ವಾಪಸು ತರುತ್ತೇನೆಂಬುದಕ್ಕೆ ಜಾಮೀನು ಪತ್ರ ಅದು, ಬಂಡಿಗೆ ಪಾಸ್‌ಪೋರ್ಟ್ ಇದ್ದಂತೆ. ಬಂಡಿಯ ಬೆಲೆಯನ್ನೂ ಹೋಗುವ ದೇಶವನ್ನೂ ನೋಡಿ ದೊಡ್ಡ ಮೊತ್ತಕ್ಕೆ ಬ್ಯಾಂಕ್ ಖಾತರಿ ಕೊಡಬೇಕಾಗುತ್ತದೆ. ತೋಟದ ಪತ್ರ ಪೆಟ್ಟಿಗೆಯಿಂದ ಹೊರಬರುವುದು ಇಂಥಲ್ಲೇ. ಸದಸ್ಯರು ಸಹಿ ಹಾಕುವ ಮುನ್ನ ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ. ಬಂಡಿಗೆ ಗಡಿಯಲ್ಲಿ ಒಂದು ಮೊಹರು ತಪ್ಪಿದರೂ, ಬಂಡಿ ಅಲ್ಲಿ ಅಪಘಾತದಲ್ಲಿ ಹಾಳಾಗಿ ಉಳಿದರೂ, ಆ ದೇಶದ ಸುಂಕ ಖಾತರಿಯ ಮೇಲೆ ಬೀಳಬಹುದು.

ಬಾಡಿಗೆ ಬಂಡಿಗೆ ಈ ತೊಡಕಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾತ್ರ ಬೇಕು. ಪಶ್ಚಿಮ ಬೆಂಗಳೂರಿನವರಿಗೆ ರಾಜಾಜಿನಗರದ ಸಾರಿಗೆ ಕಛೇರಿ ಇದೆ. ನಮೂನೆ 4ಎ, ಸಾವಿರ ರೂಪಾಯಿ ಶುಲ್ಕ, ಪಾಸ್‌ಪೋರ್ಟು ಮತ್ತು ಊರಿನ ಲೈಸೆನ್ಸು. ಲೈಸೆನ್ಸಿನಲ್ಲಿ ಮೋಟಾರ್ ಸೈಕಲ್ಲು ಸೇರಿರಬೇಕು. ಕಾರಿನದ್ದು ಮಾತ್ರ ಇಟ್ಟುಕೊಂಡು ಹತ್ತು ವರ್ಷದಿಂದ ಬೈಕು ಓಡಿಸುವ ಮಹನೀಯರು ನಮ್ಮಲ್ಲಿ ಇದ್ದಾರೆ. ಥಾಯ್ಲೆಂಡಿನಲ್ಲಿ ಹಿಡಿದ ಬಾಡಿಗೆ ಬಂಡಿಯನ್ನು ಮಲೇಶಿಯಾಕ್ಕೆ ದಾಟಿಸಲು ಮಾಲೀಕನ ಒಪ್ಪಿಗೆ ಪತ್ರ ಬೇಕು. ಪ್ರವಾಸದ ವಿಮೆ ಮಾಡಿಸುವಾಗ ದೊಡ್ಡ ಬೈಕಿನ ಸವಾರಿಯಲ್ಲಾದ ಗಾಯಕ್ಕೆ ಆಸ್ಪತ್ರೆಯ ಖರ್ಚು ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಅನೇಕ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ. ಎರಡು ಲಕ್ಷದ ಲೆಕ್ಕ ತಲೆಕೆಳಗಾಗುವುದು ಪೆಟ್ರೋಲಿನಿಂದಲ್ಲ, ಮುರಿದ ಒಂದು ಕಾಲಿನಿಂದ.

ಮಲೇಶಿಯಾದಲ್ಲೂ ಥಾಯ್ಲೆಂಡಿನಲ್ಲೂ ನಮ್ಮಂತೆ ಎಡಗಡೆಯೇ ಸಂಚಾರ. ಮಲೇಶಿಯಾದ ಉತ್ತರ–ದಕ್ಷಿಣ ಹೆದ್ದಾರಿಯಲ್ಲಿ ಬೈಕಿಗೆ ಸುಂಕವಿಲ್ಲ, ಕೌಲಾಲಂಪುರದ ಫೆಡರಲ್ ಹೆದ್ದಾರಿಯಲ್ಲಿ ಬೈಕುಗಳಿಗೇ ಪ್ರತ್ಯೇಕ ದಾರಿಯಿದೆ. ನಮ್ಮಲ್ಲಿ 2023ರ ಆಗಸ್ಟಿನಿಂದ ಕೆಂಗೇರಿಯಾಚೆ ಮೈಸೂರಿನ ಹೊಸ ದಶಪಥದ ಮುಖ್ಯ ಭಾಗಕ್ಕೆ ಬೈಕುಗಳನ್ನು ಬಿಡುತ್ತಿಲ್ಲ, ಪಕ್ಕದ ರಸ್ತೆಯೇ ಗತಿ. ಅದನ್ನು ಹೇಳುವಾಗ ಹುಡುಗರ ಮುಖ ನೋಡಬೇಕಿತ್ತು.

ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ತಿಂಗಳು. ಸೆಪಾಂಗಿನ ಓಟ ಅಕ್ಟೋಬರ್ ಕೊನೆಗೆ ಇಲ್ಲವೆ ನವೆಂಬರಿನಲ್ಲಿ ಬರುತ್ತದೆ. 2023ರಲ್ಲಿ ನವೆಂಬರ್ 12, 2024ರಲ್ಲಿ ನವೆಂಬರ್ 3, 2025ರಲ್ಲಿ ಅಕ್ಟೋಬರ್ 26. ಅಡಿಕೆಯ ಕೊನೆ ಇಳಿಸುವ, ಸುಲಿಯುವ, ಬೇಯಿಸುವ ಕಾಲ ಅದು. ಕೊನೆಗಾರ ಸಿಗುವ ಎರಡು ದಿನಕ್ಕಾಗಿ ಮನೆಮಂದಿಯೆಲ್ಲ ಕಾದಿರುವಾಗ, ರಜೆ ಹಾಕಿ ಬಂದು ಕಣ ನೋಡಿಕೊಳ್ಳುತ್ತಿದ್ದ ಒಬ್ಬನೇ ಮಗ ಮಲೇಶಿಯಾದಲ್ಲಿದ್ದರೆ ಎರಡು ಎಕರೆಯವನ ಗತಿಯೇನು? ಅರೇಬಿಕಾ ಹಣ್ಣೂ ಆಗಲೇ ಕೆಂಪಾಗುತ್ತಿರುತ್ತದೆ. ಆದರೆ ಥಾಯ್ಲೆಂಡಿನ ಬುರಿರಾಮ್ ಎಂಬಲ್ಲಿ ಇದೇ ಮೋಟೊಜಿಪಿಯ ಇನ್ನೊಂದು ಓಟ 2018ರಿಂದ ನಡೆಯುತ್ತಿದೆ. ಮೊದಲು ಅದೂ ಅಕ್ಟೋಬರಿನಲ್ಲಿತ್ತು, 2025ರಲ್ಲಿ ಮಾರ್ಚ್ 2ಕ್ಕೆ ಬಂತು. ಅಷ್ಟರಲ್ಲಿ ರೊಬಸ್ಟಾ ಕುಯ್ಲೂ ಬಹುಮಟ್ಟಿಗೆ ಮುಗಿದು ನಾವು ಹೂಮಳೆಗೆ ಮುಗಿಲು ನೋಡುತ್ತಿರುತ್ತೇವೆ. ಇದನ್ನು ತೋರಿಸಿಕೊಟ್ಟಾಗ ಹುಡುಗರು ಸ್ವಲ್ಪ ಹೊತ್ತು ಗುಸುಗುಸು ಮಾತಾಡಿಕೊಂಡರು. ಸೆಪಾಂಗ್ ಸೆಪಾಂಗೇ ಎಂದ ಒಬ್ಬ. ಉಳಿದ ನಾಲ್ವರು ಬುರಿರಾಮಿಗೆ ಒಪ್ಪಿದ್ದಾರೆ.

ಬುರಿರಾಮಿನಿಂದ ದಕ್ಷಿಣಕ್ಕಿಳಿದು ಮಲೇಶಿಯಾ ನೋಡುವವರಿಗೆ ದಾರಿಯಲ್ಲಿ ಪೆನಾಂಗ್ ದ್ವೀಪ ಸಿಗುತ್ತದೆ. ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ, ಊರ ಹೆಸರೇ ಅಡಿಕೆ ದ್ವೀಪ! ಅಲ್ಲಿನ ಕಾಫಿ ಅಂಗಡಿಗಳಲ್ಲಿ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಹುರಿಯುತ್ತಾರೆ. ಆ ದೇಶದಲ್ಲಿ ಹೆಚ್ಚಾಗಿ ಬೆಳೆಯುವುದು ಲೈಬೀರಿಕಾ, ನಮ್ಮ ಹಳೆಯ ತೋಟಗಳ ಮೂಲೆಯಲ್ಲಿ ಮರದಂತೆ ಬೆಳೆದು ನಿಂತಿರುವ ಜಾತಿ. ಕುಡಿದು ಬಂದು ರುಚಿ ಹೇಳಿದರೆ ಸಂತೋಷ.

ಆದರೆ ಹಸಿ ಬೀಜವನ್ನಾಗಲಿ ಗಿಡವನ್ನಾಗಲಿ ಜೇಬಿನಲ್ಲಿ ತರಕೂಡದು. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಅನುಮತಿ ಇಲ್ಲದೆ ಅದನ್ನು ತರುವಂತಿಲ್ಲ. ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಅದು ನಮ್ಮ ತೋಟಗಳಲ್ಲಿ ಏನು ಮಾಡಿತೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹುರಿದ ಪುಡಿಯ ಪೊಟ್ಟಣ ತರಲಿ, ಕಛೇರಿಗೂ ಒಂದು ಕೊಟ್ಟರೆ ಬೇಡವೆನ್ನುವುದಿಲ್ಲ.