ರಿಮೋಟ್ ಜೀಪಿನ ಹಾಗೆ ಗಾಡಿ ತಗ್ಗಿಸಿದರೆ ಪಲ್ಟಿಯಾಗುವುದೇ ಇಲ್ಲವೇ?

ಮೊಳದುದ್ದದ ರಿಮೋಟ್ ಜೀಪೊಂದು ಗೋಡೆಯಂಥ ಬಂಡೆಯನ್ನು ನಿಧಾನವಾಗಿ ಹತ್ತಿ ಆಚೆ ಇಳಿಯುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ಆಟಿಕೆಗೆ ‘ರಾಕ್ ಕ್ರಾಲರ್’ ಎನ್ನುತ್ತಾರೆ. ಇದರ ಸಸ್ಪೆನ್ಷನ್ ತಗ್ಗಿಸಿದರೆ ಪಲ್ಟಿಯಾಗುವುದು ಕಡಿಮೆ ಎಂಬುದು ಈ ಹವ್ಯಾಸ ಇರುವವರಿಗೆಲ್ಲ ಗೊತ್ತು. ಆದರೆ ಅದೇ ಮಾತು ‘ನಿಮ್ಮ ಗಾಡಿಯನ್ನೂ ತಗ್ಗಿಸಿ, ಪಲ್ಟಿಯ ಚಿಂತೆ ಬಿಡಿ’ ಎಂಬ ಸಲಹೆಯಾದರೆ? ಎರಿ ಹೊಲ, ಒಡ್ಡು, ಕಾಲುವೆ ದಂಡೆಗಳ ಮೇಲೆ ದಿನವೂ ಟ್ರ್ಯಾಕ್ಟರ್ ಓಡಾಡುವ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಚುಟುಕಾಗಿ ಹೇಳುವುದಾದರೆ: ಆಟಿಕೆಯ ಮಟ್ಟಿಗೆ ಮಾತು ನಿಜ. ದೊಡ್ಡ ವಾಹನಕ್ಕೆ ಅದರ ಹಿಂದಿನ ತತ್ವ ಅನ್ವಯಿಸುತ್ತದೆ, ಉಪಾಯ ಅನ್ವಯಿಸುವುದಿಲ್ಲ.

ವಾಹನ ಯಾಕೆ ಪಲ್ಟಿಯಾಗುತ್ತದೆ?

ಯಾವುದೇ ವಸ್ತುವಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ಇದೆ ಎಂದು ಲೆಕ್ಕ ಹಿಡಿಯಬಹುದು. ಅದೇ ಗುರುತ್ವ ಕೇಂದ್ರ. ಅಲ್ಲಿಂದ ನೇರ ಕೆಳಗೆ ಬಿಟ್ಟ ಗೆರೆ ಗಾಲಿಗಳ ನಡುವೆ ಇರುವವರೆಗೆ ವಾಹನ ನಿಲ್ಲುತ್ತದೆ. ಆ ಗೆರೆ ಗಾಲಿ ದಾಟಿ ಹೊರಗೆ ಹೋಯಿತೋ, ವಾಹನ ಉರುಳುತ್ತದೆ.

ಮನೆಯಲ್ಲೇ ನೋಡಿ. ಒಂದು ಹಲಗೆಯ ಮೇಲೆ ಒಂದು ಬೆಂಕಿಪೊಟ್ಟಣವನ್ನು ಮಲಗಿಸಿ, ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ. ಹಲಗೆಯನ್ನು ನಿಧಾನವಾಗಿ ಓರೆ ಮಾಡಿದರೆ ಮೊದಲು ಬೀಳುವುದು ನಿಂತ ಪೊಟ್ಟಣ. ಎರಡರ ತೂಕವೂ ಒಂದೇ. ಬೇರೆಯಾಗಿರುವುದು ಎತ್ತರ ಮತ್ತು ಅಗಲ ಮಾತ್ರ.

ಆಟಿಕೆಯಲ್ಲಿ ಏನು ಮಾಡುತ್ತಾರೆ?

ಒಂದು ಲೆಕ್ಕ ಹಾಕೋಣ. ಆಟಿಕೆಯ ಎಡ-ಬಲ ಗಾಲಿಗಳ ನಡುವೆ 20 ಸೆಂ.ಮೀ. ಅಂತರ, ಗುರುತ್ವ ಕೇಂದ್ರ ನೆಲದಿಂದ 8 ಸೆಂ.ಮೀ. ಎತ್ತರ ಎಂದುಕೊಳ್ಳಿ. ಸುಮಾರು 51 ಡಿಗ್ರಿ ಓರೆಯವರೆಗೆ ಅದು ಉರುಳುವುದಿಲ್ಲ. ಕೇಂದ್ರವನ್ನು 7 ಸೆಂ.ಮೀ.ಗೆ ಇಳಿಸಿದರೆ ಈ ಮಿತಿ 55 ಡಿಗ್ರಿಗೆ ಏರುತ್ತದೆ. ಇದಕ್ಕಾಗಿ ಗಿಡ್ಡ ಅಥವಾ ಮೆತ್ತನೆಯ ಸ್ಪ್ರಿಂಗ್ ಹಾಕಿ ಗಾಡಿಯ ಮೈಯನ್ನು ಕೆಳಗೆ ಕೂರಿಸುತ್ತಾರೆ. ಗಾಲಿಗಳು ಮಾತ್ರ ತಗ್ಗಿನಲ್ಲಿ ಇಳಿಬಿದ್ದು ನೆಲ ಹಿಡಿಯುತ್ತವೆ. ಗಾಲಿಯ ಒಳಗೆ ಹಿತ್ತಾಳೆಯ ತೂಕ ಸೇರಿಸುವವರೂ ಇದ್ದಾರೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೈ ತಗ್ಗಿದಷ್ಟೂ ಹೊಟ್ಟೆ ಬಂಡೆಗೆ ತಾಗುತ್ತದೆ, ಗಾಲಿ ಬಾಡಿಗೆ ಉಜ್ಜುತ್ತದೆ. ಆಟಿಕೆಯಾದ್ದರಿಂದ ಸಿಕ್ಕಿಕೊಂಡರೆ ಕೈಯಿಂದ ಎತ್ತಿಟ್ಟರಾಯಿತು.

ದೊಡ್ಡ ಗಾಡಿಗೆ ಯಾಕೆ ಒಗ್ಗುವುದಿಲ್ಲ?

ಆಟಿಕೆ ನಿಜವಾದ ಜೀಪಿನ 10ನೇ ಒಂದು ಭಾಗದಷ್ಟು ಉದ್ದ ಇದ್ದರೆ, ಅದರ ಅಗಲ, ಎತ್ತರವೂ 10ನೇ ಒಂದು ಭಾಗ. ಅಂದರೆ ತೂಕ ಸುಮಾರು ಸಾವಿರದಲ್ಲಿ ಒಂದು ಪಾಲು: ಜೀಪು ಎರಡು ಟನ್ ಇದ್ದರೆ ಆಟಿಕೆ ಎರಡು-ಮೂರು ಕಿಲೊ. ಅದು ಹತ್ತು ಸಲ ಬಿದ್ದರೂ ಏನೂ ಆಗುವುದಿಲ್ಲ, ಒಳಗೆ ಯಾರೂ ಇರುವುದಿಲ್ಲ, ವೇಗವೂ ನಡಿಗೆಯಷ್ಟೇ.

ಕಾರು, ಜೀಪಿನ ಸ್ಪ್ರಿಂಗ್ ಕತ್ತರಿಸಿದರೆ ಗಾಲಿ ಮೇಲೆ-ಕೆಳಗೆ ಆಡುವ ಜಾಗ ಕಡಿಮೆಯಾಗುತ್ತದೆ. ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ ತಳ ಬಡಿಯುತ್ತದೆ, ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಿಂದ ಜಾರಬಹುದು. ಎರಿ ನೆಲದ ಗಾಲಿ ಜಾಡಿನಲ್ಲಿ ಹೊಟ್ಟೆ ಕೂತುಬಿಡುತ್ತದೆ. ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಮಿತಿ ಹಾಕುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ವಿಡಿಯೊ ನೋಡಿ ಜೀಪು ತೆಗೆದುಕೊಂಡು ಕಪ್ಪತಗುಡ್ಡ ಹತ್ತಲು ಹೊರಡಬೇಡಿ. ಅದು 2019ರಿಂದ ವನ್ಯಜೀವಿಧಾಮ.

ಟ್ರ್ಯಾಕ್ಟರ್ ಕತೆಯೇ ಬೇರೆ

ನಮ್ಮಲ್ಲಿನ ಬಹುಪಾಲು ಟ್ರ್ಯಾಕ್ಟರ್‌ಗಳ ಹಿಂದಿನ ಗಾಲಿಗಳಿಗೆ ಸ್ಪ್ರಿಂಗೇ ಇರುವುದಿಲ್ಲ. ತಗ್ಗಿಸಲು ಅಲ್ಲಿ ಏನೂ ಇಲ್ಲ. ಆದರೆ ತತ್ವವನ್ನು ರೈತರು ಎಂದಿನಿಂದಲೋ ಬಳಸುತ್ತಿದ್ದಾರೆ. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು, ಗಾಲಿಗಳ ನಡುವಿನ ಅಂತರ ಹೆಚ್ಚಿಸುವುದು ಇವೆರಡೂ ಆಟಿಕೆಯವರು ಮಾಡುವ ಕೆಲಸವೇ: ಒಂದು ಭಾರವನ್ನು ಕೆಳಗಿಡುತ್ತದೆ, ಇನ್ನೊಂದು ಬುಡವನ್ನು ಅಗಲ ಮಾಡುತ್ತದೆ.

ನಿಜವಾದ ಅಪಾಯ ಹೇರಿನಲ್ಲಿದೆ. ಟ್ರೇಲರಿನ ಗಾಲಿಗಳ ಅಂತರ ಒಂದೂವರೆ ಮೀಟರ್, ಖಾಲಿ ಇದ್ದಾಗ ಗುರುತ್ವ ಕೇಂದ್ರ 90 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳಿ. ಉರುಳುವ ಮಿತಿ ಸುಮಾರು 40 ಡಿಗ್ರಿ. ಕಣಿಕೆಯನ್ನೋ ಶೇಂಗಾ ಹೊಟ್ಟನ್ನೋ ಎತ್ತರಕ್ಕೆ ಹೇರಿ ಕೇಂದ್ರ 180 ಸೆಂ.ಮೀ.ಗೆ ಏರಿದರೆ ಮಿತಿ 23 ಡಿಗ್ರಿಗೆ ಇಳಿಯುತ್ತದೆ. ರಾಶಿಯ ಮೇಲೆ ನಾಲ್ಕು ಜನ ಕೂತರೆ ಇನ್ನೂ ಕಡಿಮೆ. ಇದು ನಿಂತ ಗಾಡಿಯ ಲೆಕ್ಕ. ತಿರುವಿನಲ್ಲಿ ವೇಗವೂ ಸೇರುತ್ತದೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೀಗೆ ಹೇರಿದ ಟ್ರೇಲರ್ ಗಂಟೆಗೆ 28 ಕಿ.ಮೀ. ವೇಗದಲ್ಲೇ, ಸಪಾಟು ರಸ್ತೆಯಲ್ಲೂ, ಉರುಳಬಹುದು. ವೇಗ ಎರಡು ಪಟ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಇನ್ನೊಂದು ಅಪಾಯ ಹಿಂದಕ್ಕೆ ಮಗುಚುವುದು. ಹಿಂದಿನ ಗಾಲಿ ಕೆಸರಿನಲ್ಲಿ ಸಿಕ್ಕಿ ತಿರುಗದಿದ್ದಾಗ ಆ್ಯಕ್ಸಿಲರೇಟರ್ ಒತ್ತಿದರೆ, ತಿರುಗಬೇಕಾದ ಗಾಲಿಯ ಬದಲು ಟ್ರ್ಯಾಕ್ಟರಿನ ಮುಂಭಾಗವೇ ಏಳುತ್ತದೆ. ಹಗ್ಗ, ಸರಪಳಿಯನ್ನು ಎತ್ತರದ ಜಾಗಕ್ಕೆ ಕಟ್ಟಿ ಎಳೆದರೂ ಹೀಗೇ ಆಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ಮಗುಚುವುದರಿಂದ ಚಾಲಕನಿಗೆ ಹಾರಲು ಸಮಯ ಸಿಗುವುದಿಲ್ಲ. ಟೈರಿನ ನೀರು ಇದನ್ನು ತಡೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ಗಾಡಿಯನ್ನಲ್ಲ, ಹೇರನ್ನು ತಗ್ಗಿಸಿ. ಎತ್ತರದ ಒಂದು ಹೇರಿಗಿಂತ ತಗ್ಗಿನ ಎರಡು ಹೇರು ಮೇಲು.
• ಭಾರದ ಚೀಲಗಳು ಕೆಳಗಿರಲಿ, ಹಗುರವಾದವು ಮೇಲಿರಲಿ.
• ಟ್ರೇಲರ್ ಸರಕಿಗಾಗಿ ಇರುವುದು. ರಾಶಿಯ ಮೇಲೆ, ಮಡ್‌ಗಾರ್ಡ್ ಮೇಲೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಕೂರಿಸಬೇಡಿ.
• ಕಾಲುವೆ ದಂಡೆ, ಒಡ್ಡಿನ ಅಂಚಿನಿಂದ ದೂರವಿರಿ. ನೆನೆದ ಎರಿ ಮಣ್ಣು ಗಾಲಿಯ ಕೆಳಗೆ ಕುಸಿಯುತ್ತದೆ.
• ತಿರುವಿಗೆ ಮೊದಲೇ ವೇಗ ಇಳಿಸಿ. ರಸ್ತೆಯಲ್ಲಿ ಎರಡೂ ಬ್ರೇಕ್ ಪೆಡಲ್ ಜೋಡಿಸಿಡಿ.
• ಕೆಸರಿನಲ್ಲಿ ಸಿಕ್ಕಿದರೆ ಮುಂದೆ ಒತ್ತದೆ ಹಿಂದಕ್ಕೆ ತೆಗೆಯಲು ನೋಡಿ. ಎಳೆಯುವಾಗ ಕೆಳಗಿನ ಡ್ರಾಬಾರಿಗೇ ಕಟ್ಟಿ.

ಆಟಿಕೆಯ ವಿಡಿಯೊ ನೋಡಿ ಖುಷಿಪಡಿ, ಮಕ್ಕಳಿಗೂ ತೋರಿಸಿ. ಅದರ ಜೊತೆ ‘ಗಾಡಿ ತಗ್ಗಿಸಿ’ ಎಂಬ ಮಾತು ಬಂದಿದ್ದರೆ ಅದನ್ನು ಅಳಿಸಿ, ‘ಹೇರು ತಗ್ಗಿಸಿ’ ಎಂದು ಬರೆದು ಕಳುಹಿಸಿ. ನಿಮ್ಮ ಗ್ರೂಪಿನಲ್ಲಿ ಟ್ರ್ಯಾಕ್ಟರ್ ಓಡಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ.