ರಕ್ತಶೋಧನೆಯಿಂದ ಜೀವಿಸುವವರ ಜೀರ್ಣಬಾಧೆಗಳು

ಮೂತ್ರಪಿಂಡ, ಮೂತ್ರಜನಕಾಂಗ ಎಂದು ಕನ್ನಡದಲ್ಲಿ ಒಂದೇ ಅಂಗಕ್ಕೆ ಎರಡು ಹೆಸರುಗಳು ರೂಢಿಯಲ್ಲಿವೆ. ಎರಡೂ ಮೂತ್ರವನ್ನು ಹೇಳಿ ರಕ್ತವನ್ನು ಬಿಟ್ಟಿವೆ. ರಕ್ತದಲ್ಲಿರುವ ನೀರನ್ನೂ ಲವಣಗಳನ್ನೂ ತಕ್ಕ ಪ್ರಮಾಣದಲ್ಲಿಟ್ಟು ಕಲ್ಮಷವನ್ನು ಹೊರದೂಡುವುದೇ ಈ ಅಂಗದ ಮುಖ್ಯ ಕಾರ್ಯ. ಮೂತ್ರವು ಆ ಕಾರ್ಯದ ಫಲಮಾತ್ರ. ಆದಕಾರಣ ಈ ಕಾರ್ಯವು ವರ್ಷಗಳ ಕಾಲ ಕುಗ್ಗುತ್ತ ಬಂದು ಶಾಶ್ವತವಾಗಿ ನಿಂತುಹೋದಾಗ, ಕ್ಲೇಶವು ಮೂತ್ರಮಾರ್ಗದಲ್ಲಿಯೇ ತೋರಬೇಕೆಂಬ ನಿಯಮವಿಲ್ಲ. ಅನೇಕರಲ್ಲಿ ಅದು ನಾಲಗೆಯಲ್ಲಿಯೂ ಹೊಟ್ಟೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಕೃತಕವಾದ ರಕ್ತಶೋಧನೆಗೆ ಡಯಾಲಿಸಿಸ್ ಎಂಬ ಹೆಸರೇ ಎಲ್ಲೆಡೆಯೂ ನಿಂತಿದೆ. ತೆಳುಪೊರೆಯನ್ನು ಸಣ್ಣ ಕಣಗಳು ದಾಟಿ ದೊಡ್ಡವು ಈಚೆಯೇ ಉಳಿಯುವ ಕ್ರಿಯೆಗೆ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಮನು 1861ರಲ್ಲಿ ಈ ಗ್ರೀಕ್ ಮೂಲದ ಶಬ್ದವನ್ನು ಬಳಸಿದನು. 1943ರಲ್ಲಿ ಹಾಲೆಂಡಿನ ಕಾಂಪೆನ್ ಪಟ್ಟಣದ ವೈದ್ಯ ವಿಲೆಮ್ ಕೋಲ್ಫನು ಸೆಲೋಫೇನ್ ಕೊಳವೆಯನ್ನು ತಿರುಗುವ ಉರುಳೆಗೆ ಸುತ್ತಿ ಇದೇ ತತ್ತ್ವದಿಂದ ರೋಗಿಯ ರಕ್ತವನ್ನು ತೊಳೆದನು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರನು ರಕ್ತನಾಳಗಳಿಗೆ ಸ್ಥಿರವಾಗಿ ಜೋಡಿಸತಕ್ಕ ಟೆಫ್ಲಾನ್ ನಳಿಕೆಯನ್ನು ತಂದ ಮೇಲೆ ವರ್ಷಾನುಗಟ್ಟಲೆ ಶೋಧನೆಯು ಸಾಧ್ಯವಾಯಿತು. ಆದರೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ ಲೆಕ್ಕ ಹಾಕಿದರೆ, 168 ಗಂಟೆಗಳಲ್ಲಿ ಯಂತ್ರವು ದುಡಿಯುವುದು 12 ಗಂಟೆ ಮಾತ್ರ. ಉಳಿದ ಹೊತ್ತಿನ ಭಾರದಲ್ಲಿ ಒಂದು ಪಾಲು ಕರುಳಿನ ಮೇಲೆ ಬೀಳುತ್ತದೆ. ಈ ರೋಗಿಗಳ ಹೊಟ್ಟೆಯ ದೂರುಗಳನ್ನು ಅಲ್ಪವೆಂದು ತಳ್ಳಿಹಾಕಲಾಗದಿರುವುದು ಇದರಿಂದಲೇ.

ರಕ್ತದಲ್ಲಿ ಹೆಚ್ಚಿದ ಯೂರಿಯಾ ಜೊಲ್ಲಿನೊಳಕ್ಕೂ ಕರುಳಿನೊಳಕ್ಕೂ ಒಸರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ಒಡೆದು ಅಮೋನಿಯವನ್ನು ಮಾಡುತ್ತವೆ. ಬಾಯಲ್ಲಿ ಲೋಹದ ರುಚಿ, ಉಸಿರಿನಲ್ಲಿ ಮೂತ್ರದ ವಾಸನೆ, ಅನ್ನವನ್ನು ಕಂಡರೆ ಓಕರಿಕೆ—ಇವು ಹೀಗೆ ಹುಟ್ಟುತ್ತವೆ. ಆಯುರ್ವೇದದ ಅರೋಚಕವೆಂಬ ಮಾತು ಈ ಸ್ಥಿತಿಗೆ ಚೆನ್ನಾಗಿ ಒಪ್ಪುತ್ತದೆ. ಹಸಿವಿದ್ದರೂ ರುಚಿಯಿಲ್ಲದಿರುವುದು ಬೇರೆ, ಹಸಿವೇ ಇಲ್ಲದಿರುವುದು ಬೇರೆ. ಮಧುಮೇಹವೂ ಇದ್ದವರಲ್ಲಿ ಜಠರವು ಬರಿದಾಗಲು ಬಹಳ ಹೊತ್ತು ಹಿಡಿಯುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದೂ ಉಂಟು.

ಎಲ್ಲಕ್ಕಿಂತ ವಿಚಾರಾರ್ಹವಾದದ್ದು ಮಲಬದ್ಧತೆ. ಇದರ ಕಾರಣಗಳು ಚಿಕಿತ್ಸೆಯೊಳಗೇ ಅಡಗಿವೆ. ನೀರನ್ನು ಮಿತಗೊಳಿಸಬೇಕು, ಪೊಟ್ಯಾಸಿಯಮ್ ಏರುವುದೆಂದು ಹಣ್ಣುಕಾಯಿಗಳನ್ನು ಬಿಡಿಸಿದರೆ ನಾರಿನಂಶವೂ ಅವುಗಳೊಡನೆ ಹೋಗುತ್ತದೆ, ಕಬ್ಬಿಣದ ಮಾತ್ರೆಗಳೂ, ಆಹಾರದ ರಂಜಕವನ್ನು ಕರುಳಿನಲ್ಲಿಯೇ ಹಿಡಿದಿಡತಕ್ಕ ಔಷಧಗಳೂ ಮಲವನ್ನು ಗಟ್ಟಿಮಾಡುತ್ತವೆ. ಆರೋಗ್ಯವಂತರಲ್ಲಿ ಉಂಡ ಪೊಟ್ಯಾಸಿಯಮಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚೇನೂ ಮಲದಲ್ಲಿ ಹೋಗುವುದಿಲ್ಲ. ಮೂತ್ರಪಿಂಡವು ನಿಂತವರಲ್ಲಿ ದೊಡ್ಡ ಕರುಳು ಈ ಕೆಲಸವನ್ನು ವಹಿಸಿಕೊಂಡು ಸುಮಾರು ನಾಲ್ಕನೆಯ ಒಂದು ಪಾಲನ್ನು ಹೊರಹಾಕಬಲ್ಲುದು. ಆ ಬಾಗಿಲು ಮುಚ್ಚಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯದ ಬಡಿತವೇ ತಪ್ಪಬಹುದು. ಅಲ್ಲದೆ ಮಲವು ನಿಂತಷ್ಟೂ ಬ್ಯಾಕ್ಟೀರಿಯಗಳು ಪ್ರೋಟೀನನ್ನು ಕೊಳೆಯಿಸುತ್ತವೆ. ಅದರಿಂದ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟಿನಂಥ ವಿಷವಸ್ತುಗಳು ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಯಂತ್ರದ ಪೊರೆಯನ್ನು ಸುಲಭವಾಗಿ ದಾಟವು.

ಮನೆಮದ್ದಿನ ಅಪಾಯವೂ ಇಲ್ಲಿಯೇ. ಹೊಟ್ಟೆ ಕೆಟ್ಟವರಿಗೆ ಎಳನೀರು, ಮಲ ಕಟ್ಟಿದವರಿಗೆ ಬಾಳೆಹಣ್ಣು ಎಂಬುದು ಕನ್ನಡನಾಡಿನ ಮನೆಗಳಲ್ಲಿ ಪ್ರೀತಿಯ ಉಪಚಾರ. ಎರಡರಲ್ಲಿಯೂ ಪೊಟ್ಯಾಸಿಯಮ್ ಹೇರಳವಾಗಿದೆ. ಇಸಬಗೋಲು ಧಾರಾಳವಾದ ನೀರನ್ನು ಬೇಡುತ್ತದೆ. ಆ ನೀರನ್ನು ಕುಡಿಯುವ ಅವಕಾಶ ಈ ರೋಗಿಗಳಿಗಿಲ್ಲ. ಮೆಗ್ನೀಸಿಯಮ್ ಉಳ್ಳ ಭೇದಿಯ ಔಷಧಗಳೂ, ಅಂಗಡಿಯಲ್ಲಿ ಸಿಕ್ಕುವ ಆಮ್ಲಶಾಮಕಗಳಲ್ಲಿ ಹಲವೂ ಹಾನಿಕರ. ದೇಹದಲ್ಲಿ ನಿಂತ ಮೆಗ್ನೀಸಿಯಮ್ ಹೊರಹೋಗಲು ದಾರಿಯಿರುವುದಿಲ್ಲ. ಲ್ಯಾಕ್ಟುಲೋಸ್ ಮೊದಲಾದವನ್ನು ವೈದ್ಯರು ಆರಿಸುವುದು ಇದರಿಂದ. ಕಪ್ಪಗಿನ ಮಲವನ್ನು ಕಬ್ಬಿಣದ ಮಾತ್ರೆಯ ಫಲವೆಂದು ಊಹಿಸಿ ಸುಮ್ಮನಿರುವುದೂ ತಪ್ಪು: ಈ ರೋಗದಲ್ಲಿ ರಕ್ತವು ಹೆಪ್ಪುಗಟ್ಟುವ ಶಕ್ತಿ ಕುಂದಿರುತ್ತದೆ, ಶೋಧನೆಯಲ್ಲಿ ಹೆಪಾರಿನ್ ಸೇರುತ್ತದೆ, ಆದ್ದರಿಂದ ಜಠರದಲ್ಲಾಗಲಿ ಕರುಳಿನಲ್ಲಾಗಲಿ ರಕ್ತಸ್ರಾವವಾಗುವುದು ಅಪರೂಪವಲ್ಲ.

ಮಲೆನಾಡು ಕರಾವಳಿಗಳ ಹಿತ್ತಿಲಿನಲ್ಲಿ ಬೆಳೆಯುವ ಧಾರೆಹುಳಿ ಅಥವಾ ಕಮರಾಕ್ಷಿಯ ವಿಷಯ ಇನ್ನೂ ಗಂಭೀರವಾದದ್ದು. ಬಾಯಿರುಚಿ ಕೆಟ್ಟವರಿಗೆ ಅದರ ಹುಳಿ ಹಿತವೆನ್ನಿಸುವುದು ಸಹಜ. ಆದರೆ ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಸ್ತು ಮೂತ್ರಪಿಂಡ ಸೋತವರ ನರಮಂಡಲವನ್ನು ಕೆಣಕುತ್ತದೆ. ನಿಲ್ಲದ ಬಿಕ್ಕಳಿಕೆ ಅದರ ಮೊದಲ ಲಕ್ಷಣ. ಅದನ್ನು ಅಜೀರ್ಣವೆಂದು ಬಗೆದು ಕಾಯುತ್ತ ಕೂತರೆ ಭ್ರಮೆ, ಸೆಳವು, ಮರಣಗಳು ಹಿಂಬಾಲಿಸಬಹುದು. ತಡಮಾಡದೆ ರೋಗಿಯನ್ನು ಮತ್ತೆ ಶೋಧನೆಗೆ ಒಯ್ಯುವುದೇ ಅದಕ್ಕಿರುವ ಚಿಕಿತ್ಸೆ.